ಪ್ರೆಟ್ಜೆಲ್ ಬೂದಿ ಬಣ್ಣ, ಮೈಯೆಲ್ಲಾ ಸುಕ್ಕು, ಲೋಹದ ರುಚಿ: ಎಲ್ಲಿ ತಪ್ತಿದೀನಿ?

ನೊರೆಪ್ರಿಯ
ಪ್ರೆಟ್ಜೆಲ್ (ಗಂಟು ಹಾಕಿ ಬೇಕ್ ಮಾಡೋ ಜರ್ಮನ್ ಬ್ರೆಡ್) ಮಾಡ್ತಿರೋದು ಮೂರನೇ ಸಲ ಕಣ್ರೀ ಇದು, ತಲೆ ಕೆಟ್ಟೋಗಿದೆ. 500 ಗ್ರಾಂ ಮೈದಾ, 270 ಗ್ರಾಂ ನೀರು, 10 ಗ್ರಾಂ ಉಪ್ಪು, 7 ಗ್ರಾಂ ಇನ್‌ಸ್ಟಂಟ್ ಈಸ್ಟ್, 40 ಗ್ರಾಂ ಬೆಣ್ಣೆ. ಹಿಟ್ಟು ಚೆನ್ನಾಗೇ ಬರುತ್ತೆ, ಹಗ್ಗದ ಥರ ಹೊಸೆದು ಗಂಟು ಹಾಕೋದೂ ಕೈಗೆ ಕೂತಿದೆ, ಆದ್ರೆ ಸೋಡಾ ಬಾತ್ ಮಾಡಿ (ಸೋಡಾ ಕರಗಿಸಿದ ನೀರಲ್ಲಿ ಅದ್ದಿ) ಓವನ್‌ಗೆ ಹಾಕಿದ್ಮೇಲೆ ಮುಗೀತು ಕಥೆ. ಕೆಂಪಗೆ ಹೊಳೀಬೇಕಾದ್ದು ಅಲ್ಲಲ್ಲಿ ಬೂದಿ ಬಣ್ಣ, ಮೇಲೆಲ್ಲಾ ನೀರಲ್ಲಿ ನೆನೆದ ಬೆರಳಿನ ಥರ ಸುಕ್ಕು, ಕಚ್ಚಿದ್ರೆ ಹಳೇ ಚಮಚ ನೆಕ್ಕಿದಂಗೆ. ಶನಿವಾರ ಸ್ನೇಹಿತರು ಬರ್ತಾರೆ, ಬಿಯರ್ ತಣ್ಣಗೆ ಕೂತಿದೆ, ಪಕ್ಕದಲ್ಲಿಡೋಕೆ ಇದೇ ಇಲ್ಲ. ರೆಸಿಪಿಲಿ ಇದ್ದಂಗೇ ಮಾಡಿದೀನಿ, "ರೆಸಿಪಿ ಸರಿಯಾಗಿ ಓದಿ" ಅಂತ ಮಾತ್ರ ಹೇಳ್ಬೇಡಿ.

ಒಲೆಮುಂದೆ
ಓವನ್ ಬಿಸಿ ಸಾಲ್ತಿಲ್ಲ. 230 ಡಿಗ್ರಿ ಬೇಕು. ಒಳಗೆ ಥರ್ಮಾಮೀಟರ್ ಇಟ್ಟು ನೋಡಿದೀರಾ?

ನೊರೆಪ್ರಿಯ
230ಕ್ಕೇ ಇಟ್ಟಿದ್ದೆ. ಅರ್ಧ ಗಂಟೆ ಪ್ರೀಹೀಟ್ ಕೂಡ.

ಒಲೆಮುಂದೆ
ನಾಬ್ ತೋರ್ಸೋದು 230, ಒಳಗಿರೋದು 190, ಇದು ಎಲ್ಲರ ಮನೆ ಕಥೆ. ನನ್ನ ಓವನ್ 35 ಡಿಗ್ರಿ ಸುಳ್ಳು ಹೇಳ್ತಿತ್ತು, ಎರಡು ವರ್ಷ ನನ್ನ ಕೈನೇ ಸರಿಯಿಲ್ಲ ಅಂದ್ಕೊಂಡಿದ್ದೆ. ಥರ್ಮಾಮೀಟರ್ ಇಡಿ ಮೊದಲು, ಆಮೇಲೆ ಮಾತಾಡೋಣ.

ಕಾಸ್ಟಿಕ್_ಗುರು
ಸೋಡಾ ಬಾತ್ ಅಂದ ತಕ್ಷಣ ನಾನು ಓದೋದೇ ನಿಲ್ಲಿಸ್ದೆ. ಅಡುಗೆ ಸೋಡಾದ ಪಿಎಚ್ (ಕ್ಷಾರ ಎಷ್ಟು ಅನ್ನೋ ಅಳತೆ) 8 ಚಿಲ್ಲರೆ, ಅದ್ರಲ್ಲಿ ಅದ್ದಿದ್ರೆ ಗಂಟು ಹಾಕಿದ ಬನ್ ಸಿಗುತ್ತೆ ಅಷ್ಟೇ. ಫುಡ್ ಗ್ರೇಡ್ ಕಾಸ್ಟಿಕ್ ಸೋಡಾ (ತುಂಬಾ ಜೋರಾದ ಕ್ಷಾರ) ತಗೊಳ್ಳಿ, 1 ಲೀಟರ್ ತಣ್ಣೀರಿಗೆ 30-40 ಗ್ರಾಂ, ಕೆಲವೇ ಸೆಕೆಂಡ್ ಅದ್ದಿ ತೆಗೀರಿ. ಗ್ಲೌಸ್, ಕಣ್ಣಿಗೆ ಕನ್ನಡಕ ಕಡ್ಡಾಯ. ಮತ್ತೆ ನೀರಿಗೆ ಸೋಡಾ ಹಾಕ್ಬೇಕು, ಸೋಡಾ ಮೇಲೆ ನೀರು ಸುರೀಬಾರ್ದು, ಕುದ್ದು ಮುಖಕ್ಕೆ ಎರಚುತ್ತೆ.

ಹಿಟ್ಟುಗೈ
ಪುಟ್ಟ ಮಕ್ಕಳಿರೋ ಮನೇಲಿ ಅದನ್ನ ತಂದಿಟ್ಕೊಳ್ಳೋಕೆ ನನಗಂತೂ ಧೈರ್ಯ ಇಲ್ಲಪ್ಪ. ಅಡುಗೆ ಸೋಡಾನೇ ಟ್ರೇಲಿ ಹರಡಿ 130ರಲ್ಲಿ ಒಂದು ಗಂಟೆ ಬೇಯಿಸಿದ್ರೆ ವಾಷಿಂಗ್ ಸೋಡಾ ಆಗುತ್ತೆ, ಪಿಎಚ್ 11ರ ಮೇಲೆ ಹೋಗುತ್ತೆ, ಬಣ್ಣ ತೊಂಬತ್ತು ಭಾಗ ಬಂದೇ ಬರುತ್ತೆ. ಆಗಿದ್ಯೋ ಇಲ್ವೋ ಗೊತ್ತಾಗ್ಬೇಕಾದ್ರೆ ತೂಕ ನೋಡಿ, 100 ಗ್ರಾಂ ಇಟ್ಟಿದ್ದು 63ರ ಹತ್ರ ಇಳಿದಿರ್ಬೇಕು. ಅದನ್ನೂ ಬರಿಗೈಲಿ ಮುಟ್ಬೇಡಿ.

ನೊರೆಪ್ರಿಯ
ಮೇಡಂ, ನಾನೂ ಅದನ್ನೇ ಮಾಡಿದ್ದು, ಬೇಯಿಸಿದ ಸೋಡಾ. ಮೊದಲ್ನೇ ಸಲ ಸಾದಾ ಹಾಕಿದ್ದೆ, ಆಗ ಬರೀ ಬೆಳ್ಳಗಿತ್ತು. ಬೇಯಿಸಿದ್ದು ಹಾಕಿದ್ಮೇಲೇ ಈ ಬೂದಿ ಕಾಟ ಶುರುವಾಗಿದ್ದು.

ಕಾಸ್ಟಿಕ್_ಗುರು
ಇದನ್ನ ಮೊದಲ ಪೋಸ್ಟಲ್ಲೇ ಹೇಳ್ಬೇಕಿತ್ತು ಗುರುವೇ.

ಒಲೆಮುಂದೆ
ಹಾಗಾದ್ರೆ ಸೋಡಾ ಬೇಯಿಸಿದ್ದೂ ಅದೇ ಓವನ್‌ನಲ್ಲಿ ತಾನೇ? ಅಲ್ಲೂ ಬಿಸಿ ಸಾಲದೆ ಅರ್ಧಂಬರ್ಧ ಆಗಿರುತ್ತೆ. ಥರ್ಮಾಮೀಟರ್.

ಕೆಗ್‌ಮನೆ
ನಿಮ್ಮ ಜಗಳದ ಮಧ್ಯೆ ಯಾವ ಬಿಯರ್ ಅಂತ ಯಾರೂ ಕೇಳ್ಲಿಲ್ವಲ್ಲ. ಪ್ರೆಟ್ಜೆಲ್‌ಗೆ ಗೋಧಿ ಬಿಯರ್ ಬಿಟ್ಟು ಬೇರೆ ಇಟ್ರೆ ಪಾಪ. ನಂದು ಈಗ 19 ಲೀಟರ್‌ದು ಎರಡು ಕೆಗ್ (ಬಿಯರ್ ಡ್ರಮ್) ಫ್ರಿಜ್ಜಲ್ಲಿವೆ, ಒಂದ್ರಲ್ಲಿ ವೈಸ್‌ಬಿಯರ್, ಅಂದ್ರೆ ಅದೇ ಗೋಧಿ ಬಿಯರ್, ನಲ್ಲಿ ತಿರುಗಿಸಿದ್ರೆ ಬಾಳೆಹಣ್ಣು ಲವಂಗದ ಘಮ ಹಾಗೇ ಮೂಗಿಗೆ ಬರುತ್ತೆ, ಅದೆಲ್ಲಾ ಈಸ್ಟಿಂದ್ಲೇ ಬರೋದು, ಬಾಳೆಹಣ್ಣೂ ಹಾಕಿಲ್ಲ ಲವಂಗನೂ ಹಾಕಿಲ್ಲ. ಫ್ರಿಜ್ ಬಾಗಿಲಿಗೆ ನಾನೇ ತೂತು ಕೊರೆದು ನಲ್ಲಿ ಕೂರಿಸಿದೀನಿ, ಫೋಟೋ ಬೇಕಾದ್ರೆ ಹೇಳಿ.

ಕಾಸ್ಟಿಕ್_ಗುರು
ಫೋಟೋ ಹಾಕಿ, ನೋಡೋಣ. ಆದ್ರೆ ಡಾರ್ಕ್ ಲಾಗರ್ (ಕಪ್ಪು ಬಣ್ಣದ ಬಿಯರ್) ಜೊತೆ ತಿಂದಿಲ್ಲ ನೀವು, ಅದಕ್ಕೇ ಹೀಗಂತಿದೀರಿ. ಇನ್ನೊಂದು, ನೊರೆಪ್ರಿಯ ಅವರೇ, ಪ್ರೆಟ್ಜೆಲ್ ಹೊಟ್ಟೆ ಭಾಗಕ್ಕೆ, ಅಂದ್ರೆ ಕೆಳಗಿನ ದಪ್ಪ ಭಾಗಕ್ಕೆ, ಬ್ಲೇಡಲ್ಲಿ ಗೀರು ಹಾಕ್ತೀರಾ? ಹಾಕ್ಲೇಬೇಕು.

ಹಿಟ್ಟುಗೈ
ಹಾಕ್ಲೇಬೇಕು ಅಂತೇನಿಲ್ಲ. ಜರ್ಮನಿಯ ಸ್ವೇಬಿಯಾ ಕಡೆ ಹೊಟ್ಟೆ ದಪ್ಪ ಕೈ ಸಣ್ಣ ಮಾಡಿ ಗೀರ್ತಾರೆ, ಅಲ್ಲೇ ಬವೇರಿಯಾದಲ್ಲಿ ತಾನಾಗೇ ಬಿರೀಲಿ ಅಂತ ಬಿಡ್ತಾರೆ. ಎರಡೂ ಸರಿ.

ಕಾಸ್ಟಿಕ್_ಗುರು
ತಾನಾಗೇ ಬಿರಿಯೋದಕ್ಕೆ ಶೇಪ್ ಅಂತಾರೇನು ಮೇಡಂ, ಅದು ಆಕ್ಸಿಡೆಂಟು.

ನೊರೆಪ್ರಿಯ
ನನ್ನ ಬೂದಿ ಬಣ್ಣ??

ಹಿಟ್ಟುಗೈ
ಕ್ಷಮಿಸಿ ಕ್ಷಮಿಸಿ. ಬಾತ್ ಮಾಡಿದ್ದು ಯಾವುದ್ರಲ್ಲಿ? ಪಾತ್ರೆ ಯಾವ್ದು?

ನೊರೆಪ್ರಿಯ
ಮಾಮೂಲಿ ದಬರಿ. ದೊಡ್ಡದು ಅದೊಂದೇ ಇರೋದು.

ಹಿಟ್ಟುಗೈ
ಮಾಮೂಲಿ ಅಂದ್ರೆ ಸ್ಟೀಲಾ, ಅಲ್ಯೂಮಿನಿಯಮ್ಮಾ?

ನೊರೆಪ್ರಿಯ
ಅಲ್ಯೂಮಿನಿಯಂ. ಯಾಕೆ? ಈಗ ನೋಡ್ತಿದೀನಿ, ನೀರು ನಿಂತಿದ್ದ ಮಟ್ಟದಿಂದ ಕೆಳಗೆ ಒಳಗೆಲ್ಲಾ ಕಪ್ಪಾಗಿದೆ, ಬೆರಳಿಟ್ಟು ಉಜ್ಜಿದ್ರೆ ಬೆರಳೂ ಕಪ್ಪು. ಸೀಸಕಡ್ಡಿ ಪುಡಿ ಇದ್ದಂಗೆ.

ಕಾಸ್ಟಿಕ್_ಗುರು
ಅಯ್ಯಯ್ಯೋ. ನಿಮ್ಮ ಬೂದಿ ಬಣ್ಣ ಅಲ್ಲಿದೆ ನೋಡಿ. ಕ್ಷಾರ ಅಲ್ಯೂಮಿನಿಯಮ್ಮನ್ನ ತಿನ್ನುತ್ತೆ, ಬಿಸಿ ಇದ್ರೆ ಇನ್ನೂ ಜೋರು. ಲೋಹದ ರುಚಿ ಅಲ್ಲಿಂದ್ಲೇ. ಸಾದಾ ಸೋಡಾ ಮೆತ್ತಗಿದ್ದಿದ್ರಿಂದ ಮೊದಲ್ನೇ ಸಲ ಕಾಣ್ಲಿಲ್ಲ. ನಾನು ಹೇಳಿದ ಕಾಸ್ಟಿಕ್ ಅದ್ರಲ್ಲಿ ಹಾಕಿದ್ದಿದ್ರೆ ಬುಸ್ ಅಂತ ಹೈಡ್ರೋಜನ್ ಬಂದಿರೋದು, ದೇವ್ರು ಕಾಪಾಡ್ದ. ಉಳಿದಿರೋ ಪ್ರೆಟ್ಜೆಲ್ ಎಸೀರಿ. ಸ್ಟೀಲ್ ಪಾತ್ರೆ, ಇಲ್ಲಾ ಗಾಜು. ಬೇಕ್ ಮಾಡೋ ಟ್ರೇನೂ ಅಲ್ಯೂಮಿನಿಯಂ ಆದ್ರೆ ಒದ್ದೆ ಪ್ರೆಟ್ಜೆಲ್ ನೇರವಾಗಿ ಇಡ್ಬೇಡಿ, ಸಿಲಿಕೋನ್ ಮ್ಯಾಟ್ ಹಾಕಿ.

ಕೆಗ್‌ಮನೆ
ಫೋಟೋ ಹಾಕಿದೀನಿ. ಎಡಗಡೆ ಗೇಜ್ ಇರೋದು ಹೊಸದು.

ನೊರೆಪ್ರಿಯ
ಪಕ್ಕದ ಮನೆಯಿಂದ ಸ್ಟೀಲ್ ಪಾತ್ರೆ ತಂದು ನಾಲ್ಕನೇ ಸಲ ಮಾಡ್ದೆ. ಬೂದಿ ಹೋಯ್ತು, ರುಚಿನೂ ಸರಿ ಹೋಯ್ತು, ಮೊದಲ ಎರಡು ಹೊಳೆಯೋ ಕಂದು ಬಣ್ಣ ಬಂದು ಕಣ್ಣಲ್ಲಿ ನೀರೇ ಬಂತು. ಉಳಿದ ಆರರಲ್ಲಿ ಮಾತ್ರ ಸುಕ್ಕು ಹಾಗೇ ಇದೆ.

ಹಿಟ್ಟುಗೈ
ಮೊದಲ ಎರಡು ಅಂದ್ರೆ? ಎಲ್ಲಾ ಒಟ್ಟಿಗೆ ಹಾಕಲ್ವಾ?

ನೊರೆಪ್ರಿಯ
ಓವನ್ ಚಿಕ್ಕದು ಮೇಡಂ, ಒಂದ್ಸಲಕ್ಕೆ ಎರಡೇ ಹಿಡಿಯೋದು. ಎಂಟನ್ನೂ ಒಂದೇ ಸಲ ಅದ್ದಿ ಸಾಲಾಗಿ ಇಟ್ಟಿರ್ತೀನಿ, ಒಂದು ಟ್ರಿಪ್ ಆದ್ಮೇಲೆ ಇನ್ನೊಂದು. ಕೊನೇದಕ್ಕೆ ಮುಕ್ಕಾಲು ಗಂಟೆ ಆಗುತ್ತೆ. ಅದನ್ನೂ ಹೇಳ್ಬೇಕಿತ್ತಾ?

ಹಿಟ್ಟುಗೈ
ಅದೇ ಹೇಳ್ಬೇಕಿದ್ದಿದ್ದು ಮಾರಾಯ್ರೇ! ಅದ್ದಿದ್ಮೇಲೆ ಮೇಲಿನ ಪದರ ಅಂಟಂಟಾಗಿ ಮೆತ್ತಗಾಗುತ್ತೆ, ಒಳಗೆ ಈಸ್ಟ್ ಉಬ್ತಾನೇ ಇರುತ್ತೆ, ಆಮೇಲೆ ಕುಸಿದು ಸುಕ್ಕಾಗುತ್ತೆ. ಗಂಟು ಹಾಕಿದ ತಕ್ಷಣ ಟ್ರೇ ಸಮೇತ ಫ್ರಿಜ್ಜಿಗಿಡಿ, ಮೇಲೆ ಮುಚ್ಬೇಡಿ, ಒಂದು ಗಂಟೇಲಿ ಮೈ ಒಣಗಿ ಗಟ್ಟಿ ಆಗುತ್ತೆ, ಎತ್ತೋಕೂ ಸುಲಭ. ಓವನ್ ಖಾಲಿ ಆದಾಗ ಎರಡೇ ಎರಡು ತೆಗೆದು, ಅದ್ದಿ, ಕಲ್ಲುಪ್ಪು ಉದುರಿಸಿ, ನೇರ ಒಳಗೆ. ಉಪ್ಪು ಹಾಕಿದ್ದನ್ನ ನಾಳೆಗೆ ಇಡ್ಬೇಡಿ, ಉಪ್ಪು ನೀರೊಡೆದು ಮೇಲೆಲ್ಲಾ ಪಿಚಪಿಚ ಆಗುತ್ತೆ.

ನೊರೆಪ್ರಿಯ
ಹೊಸದಾಗಿ ಗಂಟು ಹಾಕಿ ಈಗಲೇ ಆರನ್ನ ಫ್ರಿಜ್ಜಿಗಿಟ್ಟೆ. ಬಿಯರ್ ಬಾಟ್ಲಿ ಹೊರಗೆ ತೆಗೀಬೇಕಾಯ್ತು, ಜಾಗ ಇಲ್ಲ.

ಕೆಗ್‌ಮನೆ
ಅದಕ್ಕೇ ಎರಡನೇ ಫ್ರಿಜ್ ಇರ್ಬೇಕು ಅನ್ನೋದು.

ಒಲೆಮುಂದೆ
ಎಲ್ಲಾ ಸರಿ. ಆದ್ರೂ ಒಂದ್ಸಲ ಥರ್ಮಾಮೀಟರ್ ಇಟ್ಟು ನೋಡಿ.