ನಿವೃತ್ತಿಯ ನಂತರದ ಆಪ್ತ ಸಮಾಲೋಚನೆ: ಕೋಣೆಯೊಳಗೆ ಏನು ನಡೆಯಬೇಕು, ಎಷ್ಟು ಸಲ, ಎಲ್ಲಿ ಕೆಡುತ್ತದೆ?

ನಿವೃತ್ತರ_ಸಂಘ_ತಾಲ್ಲೂಕು ಕೇಳಿದ್ದು:

ತಾಲ್ಲೂಕು ಮಟ್ಟದ ನಿವೃತ್ತ ನೌಕರರ ಸಂಘದಲ್ಲಿ ಹೊಸದಾಗಿ ನಿವೃತ್ತರಾದವರಿಗೆ ಆಪ್ತ ಸಮಾಲೋಚನೆಯ ವ್ಯವಸ್ಥೆ ಮಾಡಬೇಕೆಂದಿದ್ದೇವೆ. ಹೆಚ್ಚಿನವರು ಮೇಷ್ಟ್ರುಗಳು, ಕಂದಾಯ ಇಲಾಖೆಯವರು, ಸಾರಿಗೆಯವರು. 60 ತುಂಬಿದ ತಿಂಗಳ ಕೊನೆಯ ದಿನ ಶಾಲು, ಹಾರ, ಹಣ್ಣಿನ ಬುಟ್ಟಿ, ನಾಲ್ಕು ಭಾಷಣ. ಮರುದಿನ ಬೆಳಿಗ್ಗೆಯಿಂದ ಏನೂ ಇಲ್ಲ. ಕೆಲವರು ಮಕ್ಕಳ ಜೊತೆ ಬೆಂಗಳೂರಿಗೆ ಹೋಗುತ್ತಾರೆ, ಅಲ್ಲಿ ಇನ್ನೂ ಕಷ್ಟ. ಪಿಂಚಣಿ ಲೆಕ್ಕ ನಮಗೆ ಗೊತ್ತು, ಇದು ಗೊತ್ತಿಲ್ಲ.

ಕೇಳಬೇಕಾದದ್ದು ಇಷ್ಟು. ಸಮಾಲೋಚನೆ ಅಂದರೆ ಉಪದೇಶವಲ್ಲ ಅನ್ನುತ್ತಾರೆ, ಹಾಗಾದರೆ ಅಲ್ಲಿ ನಡೆಯುವುದೇನು? ಎಷ್ಟು ಸಲ ಕೂರಬೇಕು? ಗುಂಪಿನಲ್ಲಿ ಮಾಡಬಹುದೇ? ಯಾವಾಗ ವೈದ್ಯರ ಹತ್ತಿರ ಕಳಿಸಬೇಕು?

---

ಸಮಾಲೋಚಕಿ_ಮೈಸೂರು ಉತ್ತರಿಸಿದ್ದು:

ಮೊದಲ ಪ್ರಶ್ನೆಗೆ ಉದ್ದವಾಗಿಯೇ ಬರೆಯುತ್ತೇನೆ, ಏಕೆಂದರೆ ಎಡವುವುದು ಅಲ್ಲೇ.

"ಬದುಕಿಗೆ ಉದ್ದೇಶ ಹುಡುಕಿಕೊಳ್ಳಿ" ಎಂದು ಯಾರಿಗೂ ಹೇಳಬೇಡಿ. ಅದು ಉತ್ತರ ಬರೆಯಲಾಗದ ಪ್ರಶ್ನೆಪತ್ರಿಕೆ. ಕೆಲಸ ಹೋದಾಗ ಸಂಬಳದ ಜೊತೆಗೆ ಏನೇನು ಹೋಯಿತು ಎಂದು ಬಿಡಿಬಿಡಿಯಾಗಿ ನೋಡುವುದೇ ಸಮಾಲೋಚನೆಯ ಮೊದಲ ಅರ್ಧ. ಮಾರೀ ಯಾಹೋಡಾ ಎಂಬ ಮನೋವಿಜ್ಞಾನಿ ಇದನ್ನು ಐದಾಗಿ ವಿಂಗಡಿಸಿದ್ದರು: ದಿನಕ್ಕೆ ಒಂದು ಚೌಕಟ್ಟು, ಮನೆಯಾಚೆಯ ಜನ, ನಾಲ್ಕು ಜನರೊಂದಿಗೆ ಸೇರಿ ಮಾಡುವ ಕೆಲಸ, ಸ್ಥಾನಮಾನ, ಕೈಕಾಲಿಗೆ ನಿಯಮಿತ ಚಟುವಟಿಕೆ. 1930ರ ದಶಕದ ಆರಂಭದಲ್ಲಿ ಆಸ್ಟ್ರಿಯಾದ ಮಾರಿಯೆಂಟಾಲ್ ಎಂಬ ಊರಲ್ಲಿ ನೂಲಿನ ಗಿರಣಿ ಮುಚ್ಚಿದ ಮೇಲೆ ಅವರ ತಂಡ ಅಲ್ಲಿನ ಜನರನ್ನು ಅಧ್ಯಯನ ಮಾಡಿತ್ತು. ಇಡೀ ದಿನ ಬಿಡುವಿದ್ದರೂ ಊರಿನ ಗ್ರಂಥಾಲಯದಿಂದ ಪುಸ್ತಕ ಒಯ್ಯುವವರು ಕಡಿಮೆಯಾದರು. ಬೀದಿಯಲ್ಲಿ ಗಂಡಸರು ನಡೆಯುವ ವೇಗ ಇಳಿಯಿತು, ಮತ್ತೆ ಮತ್ತೆ ನಿಂತುಬಿಡುತ್ತಿದ್ದರು. ಅದು ನಿವೃತ್ತಿಯಲ್ಲ, ನಿರುದ್ಯೋಗ, ಬಡತನವೂ ಜೊತೆಗಿತ್ತು. ಆದರೂ "ಟೈಮ್ ಸಿಕ್ಕಮೇಲೆ ಓದ್ತೀನಿ" ಎಂದಿದ್ದ ಮೇಷ್ಟ್ರು ಟೈಮ್ ಸಿಕ್ಕಮೇಲೆ ಯಾಕೆ ಪುಸ್ತಕ ಮುಟ್ಟುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ಸಿಗುವುದಿಲ್ಲ. ಚೌಕಟ್ಟು ಕಳಚಿದರೆ ಬಿಡುವು ಬಿಡುವಾಗಿ ಉಳಿಯುವುದಿಲ್ಲ.

ಆದ್ದರಿಂದ ಮೊದಲ ಭೇಟಿಯಲ್ಲಿ ಈ ಐದನ್ನೂ ಒಂದು ಹಾಳೆಯಲ್ಲಿ ಬರೆದು, ಈ ವ್ಯಕ್ತಿಗೆ ಯಾವುದು ಹೆಚ್ಚು ನೋಯುತ್ತಿದೆ ಎಂದು ಅವರಿಂದಲೇ ಗುರುತು ಹಾಕಿಸಿ. ಒಬ್ಬೊಬ್ಬರದು ಒಂದೊಂದು. ಬಸ್ ಕಂಡಕ್ಟರ್ ಆಗಿದ್ದವರಿಗೆ ಜನ ಬೇಕು. ಶಿರಸ್ತೇದಾರರಾಗಿದ್ದವರಿಗೆ "ನನ್ನ ಸಹಿ ಈಗ ಯಾರಿಗೂ ಬೇಡ" ಎಂಬುದು ಚುಚ್ಚುತ್ತಿರುತ್ತದೆ. ಇಬ್ಬರಿಗೂ "ವಾಕಿಂಗ್ ಹೋಗಿ, ಭಜನೆಗೆ ಸೇರಿ" ಎಂದರೆ ಒಬ್ಬರಿಗೂ ನಾಟುವುದಿಲ್ಲ.

ಎರಡನೇ ಭೇಟಿಗೆ ಒಂದು ವಾರದ ದಿನಚರಿ ಹಾಳೆ ತರಲು ಹೇಳಬೇಕು. ಪ್ರತಿ ಗಂಟೆಗೂ ಒಂದು ಸಾಲು, ಪಕ್ಕದಲ್ಲಿ ಎರಡು ಅಂಕ: ಖುಷಿ 0ಯಿಂದ 10, ಏನೋ ಮಾಡಿದೆ ಎಂಬ ಭಾವ 0ಯಿಂದ 10. ತುಂಬಿದ ಹಾಳೆ ಹೀಗಿರುತ್ತದೆ:

6:30, ಹಾಲು ತಂದದ್ದು: 4, 5
9:30, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗೇಟಿನ ಹತ್ತಿರ ನಿಂತದ್ದು: 1, 0
11:00, ಅದೇ ಪೇಪರ್ ಎರಡನೇ ಸಲ: 2, 0
4:00, ಪಕ್ಕದ ಮನೆಯ ಹುಡುಗನಿಗೆ ಬಡ್ಡಿ ಲೆಕ್ಕ ಹೇಳಿಕೊಟ್ಟದ್ದು: 7, 8

ಈ ಹಾಳೆಯಲ್ಲಿ ಕಣ್ಣು ಬೀಳಬೇಕಾದದ್ದು ಎರಡು ಕಡೆ. ಮೊದಲನೆಯದು 9:30. ಮೂವತ್ತು ವರ್ಷ ಬಸ್ಸು ಹಿಡಿದ ಹೊತ್ತು ಅದು, ದೇಹ ಇನ್ನೂ ಆ ಗಡಿಯಾರದಲ್ಲೇ ಇದೆ. ಹೊಸ ಚಟುವಟಿಕೆಯನ್ನು ಸಂಜೆಗೆ ಇಡದೆ ಆ ಹೊತ್ತಿಗೇ ಇಟ್ಟರೆ ಅರ್ಧ ಕೆಲಸ ಆದಂತೆ. ಎರಡನೆಯದು 4 ಗಂಟೆಯ ಎಂಟು ಅಂಕ. ಅಲ್ಲಿಂದ ಮುಂದಿನ ಎಳೆ ಸಿಗುತ್ತದೆ.

ಮೂರನೇ ಮತ್ತು ನಾಲ್ಕನೇ ಭೇಟಿಯಲ್ಲಿ ಆ ಎಳೆ ಹಿಡಿಯಬೇಕು. "ಕೆಲಸದಲ್ಲಿದ್ದಾಗ ಯಾರೂ ಹೇಳದಿದ್ದರೂ, ಯಾವ ಆದೇಶದಲ್ಲೂ ಇಲ್ಲದಿದ್ದರೂ ಮಾಡುತ್ತಿದ್ದದ್ದು ಏನು?" ಎಂದು ಕೇಳಿ ಸುಮ್ಮನೆ ಕೂರಿ. ಎರಡು ನಿಮಿಷ ಮೌನವಿದ್ದರೂ ಬಾಯಿ ಹಾಕಬೇಡಿ. "ಪೋಸ್ಟ್ ಮಾಸ್ಟರ್ ಆಗಿದ್ದೆ" ಎಂದವರು "ಓದಲು ಬಾರದವರಿಗೆ ಫಾರಂ ತುಂಬಿಕೊಡ್ತಿದ್ದೆ" ಎನ್ನುವ ತನಕ ಕಾಯಬೇಕು. ಹುದ್ದೆ ನಾಮಪದ, ನಮಗೆ ಬೇಕಾದದ್ದು ಕ್ರಿಯಾಪದ. ತುಂಬಿಕೊಡುವುದು, ತಿದ್ದುವುದು, ಜಗಳ ಬಿಡಿಸುವುದು, ರಿಪೇರಿ ಮಾಡುವುದು, ಇವುಗಳಿಗೆ ನಿವೃತ್ತಿ ಆದೇಶ ಬಂದಿರುವುದಿಲ್ಲ.

ಭೇಟಿ ತಲಾ 45–50 ನಿಮಿಷ, ವಾರಕ್ಕೊಂದರಂತೆ 6ರಿಂದ 8. ಆಮೇಲೆ ತಿಂಗಳಿಗೊಂದು, ಮೂರು ತಿಂಗಳು. ಮೂರನೇ ಭೇಟಿಗೆ ಹಗುರಾಗಿ ನಿಲ್ಲಿಸಿಬಿಡುವವರು ಬಹಳ. ಮನಸ್ಸು ಬಿಚ್ಚಿ ಮಾತಾಡಿದ್ದರ ಹಗುರ ಅದು, ದಿನಚರಿ ಇನ್ನೂ ಹಳೆಯದೇ. ಇದನ್ನು ಮೊದಲ ದಿನವೇ ಹೇಳಿಬಿಡಿ.

---

ಮನೋಸಾಮಾಜಿಕ_ಬಳ್ಳಾರಿ ಉತ್ತರಿಸಿದ್ದು:

ಮೇಲಿನದಕ್ಕೆ ಪೂರ್ತಿ ಸಮ್ಮತಿ. "ನಮ್ಮವರು" ಎಂಬ ಭಾವದ ಬಗ್ಗೆ ನಾನು ಸೇರಿಸುತ್ತೇನೆ, ಏಕೆಂದರೆ ಕೋಣೆಯೊಳಗಿನ ಮಾತಿನಿಂದ ಅದು ಹುಟ್ಟುವುದಿಲ್ಲ.

ಒಂದು ಹಾಳೆಯ ನಡುವೆ ವ್ಯಕ್ತಿಯ ಹೆಸರು ಬರೆದು ಸುತ್ತ ವೃತ್ತಗಳಲ್ಲಿ ಜನ, ಜಾಗ, ಸಂಸ್ಥೆಗಳನ್ನು ಬರೆಸಿ. ಗಟ್ಟಿ ಸಂಬಂಧಕ್ಕೆ ದಪ್ಪ ಗೆರೆ, ತೆಳುವಾದದ್ದಕ್ಕೆ ಚುಕ್ಕಿ ಗೆರೆ, ಜಗಳವಿದ್ದರೆ ಅಂಕುಡೊಂಕು. ನಮ್ಮ ವೃತ್ತಿಯಲ್ಲಿ ಇದಕ್ಕೆ ಇಕೋ ಮ್ಯಾಪ್ ಎನ್ನುತ್ತಾರೆ. ಊರು ಬಿಟ್ಟು ಬೆಂಗಳೂರಿಗೆ ಹೋದವರ ಹಾಳೆಯಲ್ಲಿ ಮಗ, ಸೊಸೆ, ಮೊಮ್ಮಗು, ಟಿವಿ, ಇಷ್ಟೇ ಇರುವುದುಂಟು. ಆ ನಾಲ್ಕು ಗೆರೆಗಳ ಮೇಲೆ ಇಡೀ ಬದುಕಿನ ಭಾರ ಬಿದ್ದಿರುತ್ತದೆ. ಸೊಸೆ ಒಂದು ದಿನ ಮಾತಾಡದಿದ್ದರೆ ಆಕಾಶ ಬೀಳುವುದು ಅದಕ್ಕೇ.

ಹೊಸ ಗೆರೆ ಮೂಡಲು ಮೂರು ಬೇಕು: ಅದೇ ಜಾಗ, ಅದೇ ಹೊತ್ತು, ಅದೇ ಮುಖಗಳು. ವಾರಕ್ಕೆ ಎರಡು ಸಲದಂತೆ ಎರಡು ತಿಂಗಳಾದರೂ ಹೋಗಬೇಕು. ಮೊದಲ ನಾಲ್ಕೈದು ಸಲ ಪರಕೀಯ ಅನಿಸುವುದು ಖಚಿತ, "ಅದು ನನಗೆ ಹೊಂದಲಿಲ್ಲ" ಎಂದು ಬಿಟ್ಟುಬರುವುದೂ ಆಗಲೇ. ಇನ್ನೊಂದು ತಪ್ಪು, ಉತ್ಸಾಹದಲ್ಲಿ ಒಂದೇ ವಾರ ಯೋಗ, ಭಜನೆ, ಲಾಫಿಂಗ್ ಕ್ಲಬ್, ಟ್ರಸ್ಟ್ ಎಲ್ಲಕ್ಕೂ ಹೆಸರು ಕೊಟ್ಟು ತಿಂಗಳಲ್ಲಿ ಎಲ್ಲವನ್ನೂ ಬಿಡುವುದು. ಒಂದೇ ಹಿಡಿಯಿರಿ.

ಸದಸ್ಯತ್ವಕ್ಕಿಂತ ಜವಾಬ್ದಾರಿ ಕೊಡಿಸಿ, ಚಿಕ್ಕದಾದರೂ ಸರಿ. ಗ್ರಾಮ ಪಂಚಾಯತಿಯ ಅರಿವು ಕೇಂದ್ರಕ್ಕೆ ಓದಲು ಹೋಗುವವರು ಎರಡು ದಿನ ತಪ್ಪಿಸಿದರೆ ಯಾರಿಗೂ ತಿಳಿಯುವುದಿಲ್ಲ. ಶನಿವಾರ ಮಕ್ಕಳಿಗೆ ಕಥೆ ಓದಿಸುವ ಹೊಣೆ ಹೊತ್ತವರು ತಪ್ಪಿಸಿದರೆ ಹತ್ತು ಮಕ್ಕಳು ಬಾಗಿಲಲ್ಲಿ ಕಾಯುತ್ತಾರೆ. ಆ ಕಾಯುವಿಕೆಯೇ ಔಷಧಿ. ಕಂದಾಯ ಇಲಾಖೆಯವರಿಗೆ ಇನ್ನೊಂದು ಒಳ್ಳೆಯ ದಾರಿಯಿದೆ: ಕಾನೂನು ಸೇವಾ ಪ್ರಾಧಿಕಾರದ ಅರೆ ಕಾನೂನು ಸ್ವಯಂಸೇವಕರಾಗಲು ನಿವೃತ್ತ ಶಿಕ್ಷಕರಿಗೂ ನಿವೃತ್ತ ಸರ್ಕಾರಿ ನೌಕರರಿಗೂ ಅವಕಾಶವಿದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ಪಹಣಿ, ಪೌತಿ ಖಾತೆ ಗೊತ್ತಿರುವವರಿಗೆ ಅಲ್ಲಿ ಬೆಲೆ ಇದೆ.

ನಿಮ್ಮ ಪ್ರಶ್ನೆಯಲ್ಲಿ ಹೆಣ್ಣುಮಕ್ಕಳ ಮಾತು ಬಂದಿಲ್ಲ. ಮಾರಿಯೆಂಟಾಲ್‌ನಲ್ಲೂ ಹೆಂಗಸರಿಗೆ ಮನೆಗೆಲಸ ತಪ್ಪಿರಲಿಲ್ಲ. ನಿವೃತ್ತ ಶಿಕ್ಷಕಿಯ ಕಷ್ಟ ಖಾಲಿ ಹೊತ್ತಿನದಲ್ಲ. "ಹೇಗೂ ಮನೇಲೇ ಇದ್ದೀರಲ್ಲ" ಎಂದು ಮೊಮ್ಮಗು, ಅತ್ತೆಯ ಔಷಧಿ, ನೆಂಟರ ಊಟ ಎಲ್ಲ ಅವರ ಮೇಲೆ ಬೀಳುತ್ತದೆ. ಶಾಲೆಯಲ್ಲಿ ಅವರಿಗಿದ್ದ ಸ್ವಂತ ಹೆಸರು ಹೋಗಿ "ಅಜ್ಜಿ" ಮಾತ್ರ ಉಳಿಯುತ್ತದೆ. ಅವರ ಸಮಾಲೋಚನೆಯಲ್ಲಿ ಚಟುವಟಿಕೆ ಸೇರಿಸುವ ಬದಲು ವಾರಕ್ಕೆ ಆರು ಗಂಟೆ ಕಾಯ್ದಿರಿಸುವುದು, ಅದನ್ನು ಮನೆಯವರೆದುರು ಹೇಳುವ ವಾಕ್ಯವನ್ನು ಗಟ್ಟಿಯಾಗಿ ಅಭ್ಯಾಸ ಮಾಡುವುದು ಮುಖ್ಯ. "ಮಂಗಳವಾರ, ಗುರುವಾರ ಹತ್ತರಿಂದ ಒಂದರವರೆಗೆ ನಾನು ಸಿಗುವುದಿಲ್ಲ." ವಿವರಣೆ ಬೇಡ, ಕ್ಷಮೆ ಬೇಡ.

ಗಂಡ ನಿವೃತ್ತರಾದ ಮನೆಗಳಲ್ಲಿ ನಾಲ್ಕನೇ ಭೇಟಿಯ ಹೊತ್ತಿಗೆ ಹೆಂಡತಿಯನ್ನೂ ಒಮ್ಮೆ ಕೂರಿಸಿ. ಹಗಲು ಹೊತ್ತು ಮನೆ ಅವರ ರಾಜ್ಯವಾಗಿತ್ತು. ಅಡುಗೆಮನೆ ಬಾಗಿಲಲ್ಲಿ ನಿಂತು "ಸಾರಿಗೆ ಎಷ್ಟು ಉಪ್ಪು ಹಾಕ್ತೀಯ" ಎಂದು ಕೇಳುವುದರಿಂದ ಎದ್ದ ಜಗಳ ಉಪ್ಪಿನದಲ್ಲ ಎಂದು ಇಬ್ಬರಿಗೂ ಕಾಣಬೇಕು.

---

ಮನೋವೈದ್ಯ_ಧಾರವಾಡ ಉತ್ತರಿಸಿದ್ದು:

ಯಾವಾಗ ವೈದ್ಯರ ಹತ್ತಿರ ಎಂಬುದಕ್ಕೆ ಮಾತ್ರ ಉತ್ತರಿಸುತ್ತೇನೆ.

ಬದುಕಿನ ಬದಲಾವಣೆಯಿಂದ ಬರುವ ಹೊಂದಾಣಿಕೆಯ ತೊಂದರೆ ಸಾಮಾನ್ಯವಾಗಿ ತಿಂಗಳೊಳಗೆ ಕಾಣಿಸಿಕೊಂಡು, ಕಾರಣವಾದ ಒತ್ತಡ ಮುಂದುವರಿಯದಿದ್ದರೆ ಆರು ತಿಂಗಳಲ್ಲಿ ಇಳಿಯುತ್ತದೆ. ಖಿನ್ನತೆ ಬೇರೆ. ಎರಡು ವಾರ, ದಿನದ ಹೆಚ್ಚಿನ ಹೊತ್ತು ಮನಸ್ಸು ಕುಗ್ಗಿರುವುದು ಅಥವಾ ಯಾವುದರಲ್ಲೂ ರುಚಿ ಇಲ್ಲದಿರುವುದು, ಜೊತೆಗೆ ನಿದ್ದೆ, ಹಸಿವು ಕೆಟ್ಟು, "ನಾನು ಭಾರ" ಎಂಬ ಮಾತು. ಸಂಘದವರು ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ಬಳಸಬಹುದು: ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೆ 0ಯಿಂದ 3, ಒಟ್ಟು 27. 10 ಅಥವಾ ಮೇಲಿದ್ದರೆ ವೈದ್ಯರಿಗೆ ತೋರಿಸಿ. ಇದು ರೋಗನಿರ್ಣಯವಲ್ಲ, ಜರಡಿ ಅಷ್ಟೇ. ಒಂಬತ್ತನೆಯ ಪ್ರಶ್ನೆ ಸಾವಿನ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯದು. ಅಲ್ಲಿ ಸೊನ್ನೆಯ ಬದಲು ಏನೇ ಇದ್ದರೂ ಒಟ್ಟು ಅಂಕ ನೋಡದೆ ಅಂದೇ ನೇರವಾಗಿ ಕೇಳಿ: "ಸಾಯುವ ಯೋಚನೆ ಬರುತ್ತಿದೆಯೇ? ಹೇಗೆ ಎಂದು ಯೋಚಿಸಿದ್ದೀರಾ?" ಕೇಳಿದರೆ ತಲೆಗೆ ಹುಳ ಬಿಟ್ಟಂತಾಗುತ್ತದೆ ಎಂಬುದು ತಪ್ಪು ಭಯ. ಹೌದೆಂದರೆ ಒಬ್ಬರನ್ನೇ ಬಿಡಬೇಡಿ. ಕೀಟನಾಶಕ, ಹೆಚ್ಚುವರಿ ಮಾತ್ರೆಗಳನ್ನು ಮನೆಯಿಂದ ದೂರ ಮಾಡಿಸಿ, ಆಸ್ಪತ್ರೆಗೆ ಜೊತೆಯಲ್ಲೇ ಹೋಗಿ.

60 ದಾಟಿದವರಲ್ಲಿ ಮನಸ್ಸಿನದೆಂದು ತಿಳಿದದ್ದು ದೇಹದ್ದೂ ಆಗಿರಬಹುದು. ಹಿಮೋಗ್ಲೋಬಿನ್, ಥೈರಾಯ್ಡ್, ವಿಟಮಿನ್ ಬಿ12, ಸಕ್ಕರೆ, ಇವನ್ನು ಒಮ್ಮೆ ಪರೀಕ್ಷೆ ಮಾಡಿಸಿ. ಕಿವಿ ತೋರಿಸಿ. ಗುಂಪಿನಲ್ಲಿ ಮಾತು ಸರಿಯಾಗಿ ಕೇಳದವರು ಎಲ್ಲರೂ ನಕ್ಕಾಗ ನಕ್ಕು, ಕ್ರಮೇಣ ಬರುವುದನ್ನೇ ಬಿಡುತ್ತಾರೆ. ಮನೆಯವರು ಅದನ್ನು "ಅವರಿಗೆ ಯಾರೂ ಬೇಡ" ಎಂದು ಓದಿಕೊಳ್ಳುತ್ತಾರೆ. ಸಂಜೆಯ ಕುಡಿತ ಬಿಡುವಿನ ಜೊತೆ ಮಧ್ಯಾಹ್ನಕ್ಕೆ ಜಾರಿದೆಯೇ ಎಂದೂ ಕೇಳಿ.

ಎಲ್ಲಿಗೆ ಹೋಗಬೇಕು: ಜಿಲ್ಲಾ ಆಸ್ಪತ್ರೆಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವಿಭಾಗ (ಈ ಕಾರ್ಯಕ್ರಮದ ಮಾದರಿ ರೂಪುಗೊಂಡದ್ದೇ ನಮ್ಮ ಬಳ್ಳಾರಿಯಲ್ಲಿ), ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್. ಫೋನಿನಲ್ಲಿ ಟೆಲಿ ಮಾನಸ್ 14416, ದಿನದ 24 ಗಂಟೆಯೂ ಕನ್ನಡದಲ್ಲಿ ಉಚಿತ, 2022ರ ಅಕ್ಟೋಬರ್‌ನಿಂದ ಇದೆ. ಹಿರಿಯ ನಾಗರಿಕರ ಸಹಾಯವಾಣಿ 14567.

ಖಾಸಗಿಯಾಗಿ ಸಮಾಲೋಚಕರನ್ನು ಹುಡುಕುವಾಗ ಬೋರ್ಡು ನೋಡಿ ಮೋಸಹೋಗಬೇಡಿ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದುಕೊಂಡವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು, ಕೇಳುವುದು ನಿಮ್ಮ ಹಕ್ಕು.

---

ನಿವೃತ್ತರ_ಸಂಘ_ತಾಲ್ಲೂಕು ಮತ್ತೆ ಕೇಳಿದ್ದು:

ಮೂವರಿಗೂ ತುಂಬಾ ಧನ್ಯವಾದ. ಗುಂಪಿನದು ಉಳಿಯಿತು. ಸಂಘದ ಸಭಾಂಗಣವಿದೆ, 60 ಕುರ್ಚಿ ಹಿಡಿಯುತ್ತದೆ. ತಿಂಗಳ ಮಾಸಿಕ ಸಭೆಯ ದಿನವೇ ಇಟ್ಟುಕೊಳ್ಳಬಹುದೇ?

---

ಸಮಾಲೋಚಕಿ_ಮೈಸೂರು ಉತ್ತರಿಸಿದ್ದು:

ಮಾಸಿಕ ಸಭೆಯ ದಿನ ಬೇಡ. ತಿಂಗಳಿಗೊಮ್ಮೆ ಸೇರುವುದರಲ್ಲಿ ಸಲಿಗೆ ಬೆಳೆಯುವುದಿಲ್ಲ. 8ರಿಂದ 10 ಜನರ ಗುಂಪು, ಎಂಟು ವಾರ, ಪ್ರತಿ ವಾರ ಒಂದೂವರೆ ಗಂಟೆ, ಹೊತ್ತು ಬೆಳಿಗ್ಗೆ 10. ಎರಡನೇ ವಾರದ ನಂತರ ಹೊಸಬರನ್ನು ಸೇರಿಸಬೇಡಿ, ಮುಂದಿನ ತಂಡಕ್ಕೆ ಹೆಸರು ಬರೆದುಕೊಳ್ಳಿ. ಅಷ್ಟು ಕುರ್ಚಿ ಮಾತ್ರ ಬಿಟ್ಟು ಉಳಿದದ್ದನ್ನು ಹೊರಗೆ ಹಾಕಿ, ವೃತ್ತಾಕಾರ ಮಾಡಿ. ವೇದಿಕೆ, ಮೈಕು, ಅಧ್ಯಕ್ಷರು, ಸ್ವಾಗತ ಭಾಷಣ ಒಂದೂ ಬೇಡ.

ಒಂದೇ ಕಚೇರಿಯಲ್ಲಿ ಮೇಲಧಿಕಾರಿ ಮತ್ತು ಅವರ ಕೈಕೆಳಗಿನವರಾಗಿದ್ದವರನ್ನು ಒಂದೇ ತಂಡಕ್ಕೆ ಹಾಕಬೇಡಿ. ಗುಮಾಸ್ತರಾಗಿದ್ದವರು ಸಾಹೇಬರ ಮುಂದೆ ಎಂಟು ವಾರವೂ ತಲೆಯಾಡಿಸುತ್ತಾರೆ. "ಹೆಡ್ ಮಾಸ್ಟ್ರೇ", "ಸಾಹೇಬ್ರೇ" ಎಂಬ ಕರೆ ಬಿಟ್ಟು ಹೆಸರು ಹಿಡಿದು ಕರೆಯುವ ಒಪ್ಪಂದ ಮೊದಲ ದಿನವೇ ಆಗಲಿ. ಮೊದಲೆರಡು ವಾರ ಮುಜುಗರ ಆಗುತ್ತದೆ, ಆಗಲಿ.

ಡಿಎ, ಬಾಕಿ, ಆರೋಗ್ಯ ವಿಮೆ, ಈ ಮಾತು ಎದ್ದರೆ ಒಂದೂವರೆ ಗಂಟೆಯೂ ಅದಕ್ಕೇ ಹೋಗುತ್ತದೆ. ತಡೆಯಲು ಹೋದರೆ ಬೇಸರ. ಮೊದಲ 15 ನಿಮಿಷ ಅದಕ್ಕೆಂದೇ ಬಿಟ್ಟು, ಆಮೇಲೆ ದಿನಚರಿ ಹಾಳೆ ತೆಗೆಯಿರಿ. ಒಬ್ಬೊಬ್ಬರಿಗೆ ಏಳು ನಿಮಿಷ. ಯಾರಾದರೂ "ನೀವು ಹೀಗೆ ಮಾಡಿ" ಎಂದು ಶುರು ಮಾಡಿದರೆ, ನಡೆಸುವವರು "ಅವರು ಕೇಳಿದ ಮೇಲೆ ಹೇಳೋಣ" ಎಂದು ಮೃದುವಾಗಿ ನಿಲ್ಲಿಸಬೇಕು. ಮೇಷ್ಟ್ರುಗಳ ಗುಂಪಿನಲ್ಲಿ ಇದನ್ನು ಪ್ರತಿ ವಾರವೂ ಹೇಳಬೇಕಾಗುತ್ತದೆ.

ಕೋಣೆಯ ಮಾತು ಹೊರಗೆ ಹೋಗಬಾರದು ಎಂಬುದನ್ನು ಬರೆದು ಸಹಿ ಹಾಕಿಸಿ. ಜೀವಕ್ಕೆ ಅಪಾಯ ಕಂಡರೆ ಮಾತ್ರ ಆ ನಿಯಮ ಸಡಿಲ ಎಂದೂ ಅದರಲ್ಲೇ ಬರೆಯಿರಿ. ಸಣ್ಣ ಊರಿನಲ್ಲಿ ಒಮ್ಮೆ ಮಾತು ಸೋರಿದರೆ ಎರಡನೇ ತಂಡಕ್ಕೆ ಯಾರೂ ಬರುವುದಿಲ್ಲ.

ಇನ್ನೊಂದು, ಮೊದಲ ಆರು ತಿಂಗಳು ದೊಡ್ಡ ನಿರ್ಧಾರ ಬೇಡ ಎಂದು ತಂಡದಲ್ಲಿ ಹೇಳಿ. ಊರ ಮನೆ ಮಾರುವುದು, ಗ್ರಾಚ್ಯುಟಿಯನ್ನು ಮಕ್ಕಳಿಗೆ ಪೂರ್ತಿ ಹಂಚುವುದು. ಬೆಂಗಳೂರಿಗೆ ಹೋಗುವುದಿದ್ದರೆ ಮೊದಲು ಮೂರು ತಿಂಗಳು ಇದ್ದು ನೋಡಲಿ, ಊರ ಮನೆಯ ಬೀಗದ ಕೈ ಜೇಬಿನಲ್ಲೇ ಇರಲಿ.