ಮಳೆಗಾಲಕ್ಕೆ ಕೇಳುಪುಸ್ತಕ: ಯುದ್ಧ ಇತಿಹಾಸವೋ, ಕಾಸ್ಮಿಕ್ ಹಾರರ್ ಕಥೆಯೋ?

ಪ್ರಶ್ನೆ (ಸೋಮವಾರಪೇಟೆ): ಕಣ್ಣಿನ ತೊಂದರೆಯಿಂದ ಸಣ್ಣ ಅಕ್ಷರ ಓದಲಾಗುತ್ತಿಲ್ಲ, ಕೇಳುಪುಸ್ತಕ (ಆಡಿಯೋಬುಕ್) ಹುಡುಕುತ್ತಿದ್ದೇನೆ. ಯುದ್ಧ ಇತಿಹಾಸ ನನಗೆ ಇಷ್ಟ. ಅಕ್ಕನ ಮಗ ಕಾಸ್ಮಿಕ್ ಹಾರರ್ ಕೇಳಿ ಎನ್ನುತ್ತಾನೆ. ಇಂಗ್ಲಿಷ್ ಆದರೂ ಆದೀತು. ಕೇಳಿದವರು ಅನುಭವ ಹೇಳಿ.

ಮಡಿಕೇರಿಯಿಂದ: ಎರಡನ್ನೂ ಕೇಳುತ್ತೇನೆ, ಆದರೆ ಯುದ್ಧ ಇತಿಹಾಸವನ್ನು ಆರಿಸಿಕೊಳ್ಳುವಾಗ ಎಚ್ಚರ ಬೇಕು. ಮೊದಲ ಮಹಾಯುದ್ಧದ ಆರಂಭವನ್ನು ಹೇಳುವ ಬಾರ್ಬರಾ ಟಕ್‌ಮನ್ ಅವರ ‘ದಿ ಗನ್ಸ್ ಆಫ್ ಆಗಸ್ಟ್’ (1962) ಶುರುವಾಗುವುದು 1910ರಲ್ಲಿ ಲಂಡನ್ನಿನಲ್ಲಿ ನಡೆದ ಬ್ರಿಟನ್ನಿನ ದೊರೆ ಏಳನೇ ಎಡ್ವರ್ಡ್‌ನ ಶವಯಾತ್ರೆಯಿಂದ. ಒಂಬತ್ತು ಮಂದಿ ರಾಜರು ಕುದುರೆಯೇರಿ ಸಾಗುವ ಆ ಭಾಗ ಕಿವಿಗೆಂದೇ ಬರೆದಂತಿದೆ. ಮುಂದೆ ಜರ್ಮನ್ ಸೇನೆ ಬೆಲ್ಜಿಯಂ ದಾಟಿದ ಮೇಲೆ ಅದರ ದಂಡನಾಯಕರಾದ ಕ್ಲುಕ್ ಎಲ್ಲಿದ್ದಾನೆ, ಬ್ಯೂಲೋ ಎಲ್ಲಿದ್ದಾನೆ ಎಂದು ತಲೆ ಗಿರ್ರೆನ್ನುತ್ತದೆ. ಪುಸ್ತಕವಾದರೆ ನಕ್ಷೆಯ ಪುಟಕ್ಕೆ ಹಿಂದಿರುಗಬಹುದು. ಕೇಳುವಾಗ ಆ ಅನುಕೂಲವಿಲ್ಲ. ಉತ್ತರ ಫ್ರಾನ್ಸಿನ ದೊಡ್ಡಕ್ಷರದ ನಕ್ಷೆಯೊಂದನ್ನು ಗೋಡೆಗೆ ಅಂಟಿಸಿಕೊಂಡು ಕೇಳಿ, ಅರ್ಧ ಕಷ್ಟ ಕಳೆಯುತ್ತದೆ.

ಒಂದೇ ದಾರಿ, ಒಂದೇ ಗುರಿ ಇರುವ ಕದನಕ್ಕೆ ಆ ಗೋಜಿಲ್ಲ. 1948ರ ನವೆಂಬರ್‌ನಲ್ಲಿ ನಮ್ಮ ಕೊಡಗಿನ ಸೇನಾನಿ ತಿಮ್ಮಯ್ಯನವರು ಸ್ಟುವರ್ಟ್ ಟ್ಯಾಂಕುಗಳನ್ನು ಕಾಶ್ಮೀರದ ಜೋಜಿ ಲಾ ಕಣಿವೆಗೆ ಏರಿಸಿದ ಪ್ರಸಂಗವನ್ನು ಯಾರು ಹೇಳಿದರೂ ಕಣ್ಣಿಗೆ ಕಟ್ಟುತ್ತದೆ. ಅಷ್ಟು ಎತ್ತರದಲ್ಲಿ ಟ್ಯಾಂಕು ಬಂದೀತೆಂದು ಎದುರಾಳಿ ಎಣಿಸಿರಲೇ ಇಲ್ಲ. ದಳ, ತುಕಡಿಗಳ ಸಂಖ್ಯೆ ಒದರುವ ಪುಸ್ತಕಗಳನ್ನು ಬಿಟ್ಟು ಸೈನಿಕರ ಆತ್ಮಕಥನಗಳಿಂದ ಆರಂಭಿಸಿ ಎಂಬುದು ನನ್ನ ಸಲಹೆ.

ಕರಡಿಗೋಡಿನಿಂದ: ನಿಮ್ಮ ಅಕ್ಕನ ಮಗನ ಮಾತನ್ನು ತಳ್ಳಿಹಾಕಬೇಡಿ. ಕಾಸ್ಮಿಕ್ ಹಾರರ್ ಕಥೆಗಳಲ್ಲಿ ದೆವ್ವ ಬಂದು ಕುತ್ತಿಗೆ ಹಿಸುಕುವುದಿಲ್ಲ. ಮನುಷ್ಯನನ್ನು ಲೆಕ್ಕಕ್ಕೇ ಇಟ್ಟುಕೊಳ್ಳದ ಯಾವುದೋ ಶಕ್ತಿ ಸುತ್ತಲೂ ಇದೆ ಎಂಬುದೇ ಇಲ್ಲಿನ ಭಯ. ಎಲ್ಲರೂ ಮೊದಲು ಹೇಳುವ ಹೆಸರು ಅಮೆರಿಕದ ಲೇಖಕ ಲವ್‌ಕ್ರಾಫ್ಟ್. ಅವರ ‘ಅಟ್ ದಿ ಮೌಂಟನ್ಸ್ ಆಫ್ ಮ್ಯಾಡ್ನೆಸ್’ (1936) ಮಾತ್ರ ಮೊದಲಿಗೆ ಬೇಡ. ಅಂಟಾರ್ಕ್ಟಿಕಾದ ಪಾಳು ನಗರದ ಗೋಡೆಗೆತ್ತನೆಗಳ ವರ್ಣನೆ ಮುಗಿಯುವುದೇ ಇಲ್ಲ, ನನಗೆ ನಿದ್ದೆ ಬಂದಿತ್ತು. ಜನಾಂಗದ್ವೇಷವೂ ಅವರ ಬರಹಗಳಲ್ಲಿ ಅಲ್ಲಲ್ಲಿ ಎದ್ದು ಕಾಣುತ್ತದೆ, ತಿಳಿದೇ ಕೇಳಿ.

ಇಂಗ್ಲಿಷ್ ಲೇಖಕ ಬ್ಲ್ಯಾಕ್‌ವುಡ್ ಅವರ ‘ದಿ ವಿಲ್ಲೋಸ್’ (1907) ಕೇಳಿ. ಪ್ರವಾಹದ ಡ್ಯಾನ್ಯೂಬ್ ನದಿಯಲ್ಲಿ ದೋಣಿಯೇರಿ ಹೊರಟ ಇಬ್ಬರು ಗೆಳೆಯರು ಮರಳಿನ ನಡುಗಡ್ಡೆಯೊಂದರಲ್ಲಿ ತಂಗುತ್ತಾರೆ. ದಡ ಕುಸಿಯುತ್ತಾ ನಡುಗಡ್ಡೆ ಕಿರಿದಾಗುತ್ತದೆ, ಹುಟ್ಟೊಂದು ಕಾಣೆಯಾಗುತ್ತದೆ, ಜಾಗಟೆಯಂಥ ನಾದ ಎಲ್ಲಿಂದಲೋ ಕೇಳಿಸುತ್ತದೆ. ಕಾವೇರಿ ಏರುವಾಗ ರಾತ್ರಿಯಿಡೀ ನೀರಿನ ಸದ್ದಿಗೆ ಕಿವಿಗೊಟ್ಟು ಕೂರುವ ನಮಗೆ ಆ ಭಯವನ್ನು ಯಾರೂ ವಿವರಿಸಬೇಕಿಲ್ಲ. ಭೀತಿಯೆಲ್ಲ ಶಬ್ದದಲ್ಲೇ ಇರುವುದರಿಂದ ಓದುವುದಕ್ಕಿಂತ ಕೇಳುವುದೇ ಮೇಲು. ಹಿನ್ನೆಲೆ ಸಂಗೀತ ತುರುಕದ, ನಾಟಕವಾಡದೆ ತಣ್ಣಗೆ ಓದುವ ಧ್ವನಿಯನ್ನು ಹುಡುಕಿ.

ಮಡಿಕೇರಿಯಿಂದ ಮತ್ತೆ: ಎರಡೂ ರುಚಿಗೆ ಕೊಂಡಿ ಬೇಕೆಂದರೆ ವಿಲಿಯಂ ಹೋಪ್ ಹಾಜ್‌ಸನ್ ಇದ್ದಾರೆ. ‘ದಿ ಹೌಸ್ ಆನ್ ದಿ ಬಾರ್ಡರ್‌ಲ್ಯಾಂಡ್’ (1908) ಬರೆದ ಅವರು 1918ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ರಣರಂಗದಲ್ಲಿ ಫಿರಂಗಿ ಗುಂಡಿಗೆ ಬಲಿಯಾದರು. ಕಾದಂಬರಿಯ ನಡುವಿನ ಭಾಗ ಎಳೆದಂತಿದೆ, ತಾಳ್ಮೆಯಿರಲಿ.

ಸಿದ್ದಾಪುರದಿಂದ: ಹಳೆಯ ಇಂಗ್ಲಿಷ್ ಕೃತಿಗಳು ಲಿಬ್ರಿವಾಕ್ಸ್ ಎಂಬ ಜಾಲತಾಣದಲ್ಲಿ ಉಚಿತ. ಸ್ವಯಂಸೇವಕರು ಓದುವುದರಿಂದ ಧ್ವನಿಯ ಗುಣ ಒಂದೇ ಸಮ ಇರುವುದಿಲ್ಲ. ಮಳೆ ಜೋರಾಗಿ ಕರೆಂಟು, ನೆಟ್‌ವರ್ಕ್ ಹೋಗುವ ಮೊದಲೇ ಇಳಿಸಿಟ್ಟುಕೊಳ್ಳಿ. ತೋಟದಲ್ಲಿ ಮಾತ್ರ ಎರಡೂ ಕಿವಿಗೆ ಇಯರ್‌ಫೋನ್ ಹಾಕಬೇಡಿ, ನಮ್ಮ ಕಡೆ ಆನೆ ಹೇಳಿ ಕೇಳಿ ಬರುವುದಿಲ್ಲ.