ಅಪ್ಪ ಬರೆದ ವಿಲ್ ಎಲ್ಲಿ ಇಡಬೇಕು?

ಗುಬ್ಬಿ ತೋಟದ ಮನೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಗುಬ್ಬಿ ತಾಲೂಕು. ಅಪ್ಪನಿಗೆ 76. ಹೋದ ತಿಂಗಳು ವಿಲ್ ಬರೆದಿದ್ದಾರೆ. ಬಿಳಿ ಹಾಳೆಯಲ್ಲಿ ಟೈಪ್ ಮಾಡಿಸಿ, ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿದ್ದಾರೆ, ಸಾಕ್ಷಿಗಳೂ ಹಾಕಿದ್ದಾರೆ. ರಿಜಿಸ್ಟರ್ ಮಾಡಿಸಿಲ್ಲ. ಈಗ ಅದು ಬೀರುವಿನಲ್ಲಿ, ಅಮ್ಮನ ರೇಷ್ಮೆ ಸೀರೆಗಳ ಕೆಳಗೆ ಹಾಸಿರುವ ಪೇಪರಿನ ಅಡಿಯಲ್ಲಿದೆ. "ಮನೆಯಲ್ಲೇ ಇರಲಿ, ಯಾರು ಕದೀತಾರೆ" ಅಂತಾರೆ ಅಪ್ಪ.

ನನಗೆ ಸಮಾಧಾನ ಇಲ್ಲ. ತಾತನ ಕಾಲದ ಪಾಲು ಪತ್ರ ಹೀಗೇ ಟ್ರಂಕಿನ ತಳದಲ್ಲಿತ್ತು. ಒಂದು ದಿನ ತೆಗೆದು ನೋಡಿದರೆ ಗೆದ್ದಲು ತಿಂದು ನಡುಭಾಗ ಜರಡಿ ಆಗಿತ್ತು, ಅದರಲ್ಲೂ ಚೆಕ್ಕುಬಂದಿ (ಜಮೀನಿನ ನಾಲ್ಕೂ ಕಡೆಯ ಗಡಿ) ಬರೆದಿದ್ದ ಸಾಲುಗಳೇ ಹೋಗಿದ್ದವು. ಆ ಬದುವಿನ ಜಗಳ ಮುಗಿಯೋಕೆ ವರ್ಷಗಟ್ಟಲೆ ಹಿಡಿಯಿತು. ಬ್ಯಾಂಕ್ ಲಾಕರಿನಲ್ಲಿ ಇಡೋಣ ಅಂತಾನೆ ತಮ್ಮ. ಲಾಯರ್ ಹತ್ತಿರ ಕೊಡಿ ಅಂತಾರೆ ಚಿಕ್ಕಪ್ಪ. ತೋಟ ಅಪ್ಪನ ಸ್ವಯಾರ್ಜಿತ, ಅದರಲ್ಲಿ ತಕರಾರಿಲ್ಲ. ತಿಳಿದವರು ಹೇಳಿ.

ತಿಪಟೂರಿನವನು:
ಅಪ್ಪನೊಬ್ಬರ ಹೆಸರಿನಲ್ಲೇ ಇರುವ ಲಾಕರ್ ಬೇಡವೇ ಬೇಡ ಅಕ್ಕ. ನಮ್ಮ ಮಾವ ಹಾಗೇ ಇಟ್ಟಿದ್ದರು, ನಾಮಿನಿ ಮಾಡಿಸಿರಲಿಲ್ಲ. ಅವರು ತೀರಿಕೊಂಡ ಮೇಲೆ, ವಾರಸುದಾರರು ಯಾರು ಅಂತ ಕಾಗದ ತನ್ನಿ ಅಂದರು ಬ್ಯಾಂಕಿನಲ್ಲಿ. ಕಾಗದ ಇರುವುದೇ ಲಾಕರಿನ ಒಳಗೆ! ಅತ್ತೆ ಕೀಲಿಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ನಾಲ್ಕೈದು ಸಲ ಬ್ಯಾಂಕಿಗೆ ಬಂದು, ಬೆಂಚಿನ ಮೇಲೆ ಕೂತು, ಹಾಗೇ ವಾಪಸ್ ಹೋಗಿದ್ದನ್ನು ನಾನು ಮರೆಯೋಕಾಗಲ್ಲ. ಲಾಕರೇ ಬೇಕು ಅಂದರೆ ಅಪ್ಪ, ಅಮ್ಮ ಇಬ್ಬರ ಹೆಸರಿಗೂ ಮಾಡಿಸಿ, ಒಬ್ಬರು ಹೋದರೆ ಇನ್ನೊಬ್ಬರು ತೆಗೆಯುವ ಹಾಗೆ ಇರಲಿ. ನಾಮಿನಿಯನ್ನೂ ಬರೆಸಿ. ನಾಮಿನಿ ಆದ ಮಾತ್ರಕ್ಕೆ ಅವರೇ ಒಡೆಯರು ಆಗಲ್ಲ, ಅದನ್ನೂ ಮನೆಯವರಿಗೆ ಹೇಳಿಬಿಡಿ.

ಪತ್ರ ಬರಹಗಾರ, ತುಮಕೂರು:
ತಂಗಿ, ತುಂಬಾ ವರ್ಷ ಈ ಕೆಲಸ ಮಾಡಿದವನು, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ. ವಿಲ್ ರಿಜಿಸ್ಟರ್ ಮಾಡಿಸಲೇಬೇಕು ಅಂತ ಕಾನೂನಿಲ್ಲ, ಛಾಪಾ ಕಾಗದವೂ ಬೇಕಿಲ್ಲ. ಆದರೂ ನಾನು ಮಾಡಿಸಿ ಅಂತಲೇ ಹೇಳುತ್ತೇನೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅದರ ನಕಲು ಉಳಿಯುತ್ತದೆ, ಮೂಲ ನಿಮ್ಮ ಕೈಗೆ ಬರುತ್ತದೆ. ನಾಳೆ ಮನೆಯ ಪ್ರತಿ ಗೆದ್ದಲಿಗೆ ಹೋದರೂ ದೃಢೀಕೃತ ನಕಲು ಸಿಗುತ್ತದೆ.

ಇನ್ನೊಂದು ದಾರಿ ಜಾಸ್ತಿ ಜನಕ್ಕೆ ಗೊತ್ತಿಲ್ಲ. 1908ರ ನೋಂದಣಿ ಕಾಯ್ದೆಯ 42ನೇ ಕಲಂ ಪ್ರಕಾರ ವಿಲ್ಲನ್ನು ಮುದ್ರೆ ಹಾಕಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿ ಹತ್ತಿರ ಠೇವಣಿ ಇಡಬಹುದು. ಒಳಗೆ ಏನಿದೆ ಅಂತ ಅವರೂ ನೋಡಲ್ಲ. ಲಕೋಟೆ ಮೇಲಿನ ವಿವರವನ್ನು ಕಚೇರಿಯ 5ನೇ ದಾಖಲೆ ಪುಸ್ತಕದಲ್ಲಿ ಬರೆದುಕೊಂಡು, ಬೆಂಕಿ ತಾಗದ ಪೆಟ್ಟಿಗೆಯಲ್ಲಿ ಇಡಬೇಕು ಅಂತ ಕಾನೂನೇ ಹೇಳುತ್ತದೆ. ಮನಸ್ಸು ಬದಲಾದರೆ ಅಪ್ಪ ಅರ್ಜಿ ಕೊಟ್ಟು ವಾಪಸ್ ತೆಗೆದುಕೊಳ್ಳಬಹುದು. ಅವರ ಕಾಲಾನಂತರ ನೀವು ಅರ್ಜಿ ಹಾಕಿದರೆ ನಿಮ್ಮ ಎದುರಿಗೇ ಒಡೆದು, 3ನೇ ಪುಸ್ತಕಕ್ಕೆ ನಕಲು ಮಾಡಿ, ಮೂಲವನ್ನು ಮತ್ತೆ ಅಲ್ಲೇ ಇಡುತ್ತಾರೆ.

ಸಾಕ್ಷಿಗಳ ವಯಸ್ಸು ಎಷ್ಟು? ಮುಂದೆ ಕೋರ್ಟಿಗೆ ಹೋದರೆ ಅವರಲ್ಲಿ ಒಬ್ಬರಾದರೂ ಬಂದು ಹೇಳಬೇಕಾಗುತ್ತದೆ. ರಿಜಿಸ್ಟರ್ ಆಗಿದ್ದರೂ ಇದು ತಪ್ಪುವುದಿಲ್ಲ.

ಶಿರಾ ರಸ್ತೆ:
ರಿಜಿಸ್ಟರ್ ಮಾಡಿಸಿದರೆ ಊರಿಗೆಲ್ಲ ಗೊತ್ತಾಗುತ್ತೆ ಅಲ್ವಾ ಸರ್? ನಮ್ಮಪ್ಪ ಅದೇ ಭಯಕ್ಕೆ ಸುಮ್ನೆ ಮುಂದೂಡುತ್ತಿದ್ದಾರೆ.

ಪತ್ರ ಬರಹಗಾರ, ತುಮಕೂರು:
ಗೊತ್ತಾಗಲ್ಲ ಅಪ್ಪಾ. ಬರೆದವರು ಬದುಕಿರುವ ತನಕ ಅವರಿಗೆ, ಇಲ್ಲವೇ ಅವರು ನೇಮಿಸಿದ ಏಜೆಂಟರಿಗೆ ಬಿಟ್ಟು ಬೇರೆಯವರಿಗೆ ನಕಲು ಕೊಡುವಂತಿಲ್ಲ. ಇಸಿ (ಆಸ್ತಿಯ ಋಣಭಾರ ಪತ್ರ) ತೆಗೆಸಿದರೂ ಅದರಲ್ಲಿ ವಿಲ್ ಬರಲ್ಲ. ಇದರಿಂದ ಒಂದು ತೊಂದರೆಯೂ ಇದೆ. ಮನೆಯಲ್ಲಿ ಯಾರಿಗೂ ಹೇಳದೆ ಹೋದರೆ, ವಿಲ್ ಇತ್ತು ಅಂತಲೇ ತಿಳಿಯದೆ ಎಲ್ಲರೂ ಸೇರಿ ಪೌತಿ ಖಾತೆ (ತೀರಿಕೊಂಡವರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸುವುದು) ಮಾಡಿಸಿಕೊಂಡುಬಿಡುತ್ತಾರೆ. ಯಾರಿಗೆ ಎಷ್ಟು ಅಂತ ಹೇಳೋದು ಬೇಡ, ಎಲ್ಲಿದೆ ಅಂತ ಇಬ್ಬರಿಗೆ ಹೇಳಿ. ಲಾಯರ್ ಹತ್ತಿರ ಇಟ್ಟರೂ ಹಾಗೇ. ಅವರಿಗೂ ವಯಸ್ಸಾಗುತ್ತದೆ, ಆಫೀಸ್ ಬದಲಾಗುತ್ತದೆ. ಕೊಟ್ಟಿದ್ದಕ್ಕೆ ಬರಹದಲ್ಲಿ ರಶೀದಿ ತೆಗೆದುಕೊಳ್ಳಿ.

ಮೂಲ ಪ್ರತಿಗೆ ಲ್ಯಾಮಿನೇಷನ್ ಮಾಡಿಸಬೇಡಿ. ಸಹಿ ಪರೀಕ್ಷೆ ಮಾಡುವಾಗ ಇಂಕು, ಒತ್ತು ಸರಿಯಾಗಿ ಕಾಣಲ್ಲ. ಜೆರಾಕ್ಸ್ ತೆಗೆಯೋಕೆ ಪಿನ್ನನ್ನೂ ಕೀಳಬೇಡಿ, ಹಾಳೆ ಬದಲಾಯಿಸಿದ್ದಾರೆ ಅಂತ ಅನುಮಾನಕ್ಕೆ ಜಾಗ ಆಗುತ್ತದೆ.

ಗುಬ್ಬಿ ತೋಟದ ಮನೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಊಟ ಆದ ಮೇಲೆ ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಆ ಪಾಲು ಪತ್ರದ ಮಾತು ಬಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅವರೇ ಎದ್ದು ಸೀರೆಗಳನ್ನು ಪಕ್ಕಕ್ಕೆ ಸರಿಸಿ ವಿಲ್ ತೆಗೆದುಕೊಟ್ಟರು. ತಮ್ಮ ಮಾರನೇ ದಿನ ಲ್ಯಾಮಿನೇಷನ್ನಿಗೆ ಒಯ್ಯುವವನಿದ್ದ, ಸದ್ಯ ತಡೆದೆ. ಇಬ್ಬರು ಸಾಕ್ಷಿಗಳೂ ಅಪ್ಪನ ಓರಗೆಯವರೇ. ಅದಕ್ಕೆ ಹೊಸದಾಗಿ ಬರೆಸಿ, ಹಳೆಯದು ರದ್ದು ಅಂತ ಅದರಲ್ಲೇ ಸೇರಿಸಿ, ಚಿಕ್ಕ ವಯಸ್ಸಿನ ಇಬ್ಬರನ್ನು ಕರೆದುಕೊಂಡು ಹೋಗಿ ಗುಬ್ಬಿಯಲ್ಲೇ ರಿಜಿಸ್ಟರ್ ಮಾಡಿಸುತ್ತೇವೆ. ಅದರ ನಂಬರ್ ನನ್ನ ಹತ್ತಿರ ಒಂದು, ಚಿಕ್ಕಪ್ಪನ ಹತ್ತಿರ ಒಂದು ಇರಲಿ ಅಂದರು ಅಪ್ಪ.